ಕೂರಲಾರದವರ ಬೆಂಚು

ನನಗೆ ಆಗಿದ್ದು ಕುಂಡೆಯ ಕಾಯಿಲೆ. ಮೊದಲಿಗೇ ಹೇಳಿಬಿಟ್ಟೆ. ಆಗಲೂ ಹೀಗೆ ಬಾಯಿಬಿಟ್ಟು ಹೇಳಿದ್ದರೆ ಅರ್ಧ ನೋವು ಅಲ್ಲಿಗೇ ಮುಗಿಯುತ್ತಿತ್ತು. ಇವತ್ತು ಯಾವಳೋ ಒಬ್ಬಳು ಸೆರಗು ಕಚ್ಚಿಕೊಂಡು ಸಂಡಾಸಿನಲ್ಲಿ ಕೂತಿದ್ದಾಳೆ, ಅವಳಿಗಾಗಿ ಬರೆಯುತ್ತಿದ್ದೇನೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತು, ದೀರ್ಘ ತಪ್ಪಿದ ಕಡೆ ಮಗಳು ತಿದ್ದಿದ್ದಾಳೆ. ಮಾತು ಮಾತ್ರ ಮುಟ್ಟಬೇಡ ಎಂದಿದ್ದೇನೆ.

ನಮ್ಮದು ಉಮ್ಮಚಗಿಯ ಹತ್ತಿರ. ಮನೆಯಲ್ಲಿ ನಾವು ಮೂವರು: ನಾನು, ನಮ್ಮನೆಯವರು, ಅವರ ಅಕ್ಕ. ಅತ್ತಿಗೆ ಎಳೇ ವಯಸ್ಸಿನಲ್ಲೇ ಗಂಡ ಸತ್ತು ತವರಿಗೆ ಬಂದವಳು. ಮಡಿ ಎಂದರೆ ಮಡಿ. ಒಬ್ಬಳೇ ಮಗಳು ವಿಜಯ, ಶಿರಸಿಗೆ ಕೊಟ್ಟಿದ್ದು. ನನ್ನ ಕೆಲಸ ತೊಡೆದೇವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಬ್ಬಿನ ಹಾಲಿನಲ್ಲಿ ಅಕ್ಕಿಹಿಟ್ಟು ಕಲೆಸಿ, ಬೋರಲು ಹಾಕಿದ ಗಡಿಗೆಯ ಕೆಳಗೆ ಬೆಂಕಿ ಮಾಡಿ, ಕೋಲಿಗೆ ಸುತ್ತಿದ ಬಟ್ಟೆ ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಮೇಲೆ ಒಂದೇ ಸಲ ಎಳೆಯಬೇಕು. ಕಾಗದಕ್ಕಿಂತ ತೆಳ್ಳಗೆ ಎದ್ದು ಬರುತ್ತದೆ. ತುಪ್ಪ ಸವರಿ ಮಡಚಿದರೆ ಆಯಿತು. ಆಲೆಮನೆ ಶುರುವಾದರೆ ಸುತ್ತಲಿನ ಮನೆಗಳಿಂದೆಲ್ಲ ಕರೆ ಬರುತ್ತಿತ್ತು. ಮದುವೆಮನೆಗೆ, ಮುಂಜಿಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಮಣೆಯ ಮೇಲೆ ಕೂತರೆ ಹಗಲು ಇಳಿಯುವ ತನಕ ಕೂತೇ ಇರಬೇಕು. ಹಾಗೆ ಕೂರುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಹಳ್ಳಿಗೆ ಫೋನು ಬಂದ ವರ್ಷ ಮೊದಲ ಸಲ ರಕ್ತ ಕಂಡೆ. ಮಲ ಗಟ್ಟಿಯಾಗಿ ಬಿರಿಯಿತೋ ಏನೋ ಎಂದುಕೊಂಡೆ. ಮರುದಿನವೂ ಬಂತು. ಕತ್ತಿಯ ಬಾಯಿ ಎಳೆದ ಹಾಗೆ ಉರಿ. ಉಷ್ಣ ಆಗಿದೆ, ಬೆಂಕಿ ಮುಂದೆ ಕೂರುವವಳಿಗೆ ಆಗದೆ ಇರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಮುರುಗಲು ಪಾನಕ ಕುಡಿದೆ. ಮಜ್ಜಿಗೆ ಕುಡಿದೆ. ನಾಚಿಕೆಮುಳ್ಳಿನ ಬೇರು ಅರೆದು ಕುಡಿದೆ. ಹಿತ್ತಿಲ ಬದಿಯ ನಾಚಿಕೆಮುಳ್ಳೆಲ್ಲ ಖಾಲಿಯಾಯಿತು, ನನ್ನ ನಾಚಿಕೆ ಹಾಗೇ ಉಳಿಯಿತು.

ಒಂದು ದಿನ ಸೀರೆಯ ಹಿಂದೆ ಕಲೆ ಆಗಿತ್ತು. ಅತ್ತಿಗೆ ನೋಡಿದಳು. ಹಿಡಿದಿದ್ದ ನೀರಿನ ಚೊಂಬು ಸಮೇತ ದೂರ ಸರಿದಳು.

"ಎಂತದೇ ಇದು! ಮತ್ತೆ ಶುರು ಆಜನೆ ನಿಂಗೆ?"

ನನಗೆ ಮುಟ್ಟು ನಿಂತು ಎಷ್ಟೋ ವರ್ಷ ಆಗಿತ್ತು. ಅಲ್ಲ ಎನ್ನಬೇಕು ಅಂತ ಬಾಯಿ ತೆರೆದೆ. ಅಲ್ಲ ಎಂದರೆ ಮತ್ತೆ ಯಾವುದು ಎಂದು ಹೇಳಬೇಕಲ್ಲ! ಬಾಯಿ ಮುಚ್ಚಿಕೊಂಡೆ.

"ಈ ವಯಸ್ಸಲ್ಲಿ! ನಾಚಿಕೆ ಆಗ್ತಿಲ್ಯನೆ? ಹೋಗು, ಹೊರಗೆ ಕೂತ್ಗ."

ಹಾಗೆ ನಾನು ಮುದುಕಿಯಾಗುವ ಹೊತ್ತಿಗೆ ಮತ್ತೆ ಹೊರಗೆ ಕೂತೆ. ಜಗುಲಿಯ ಆಚೆ ಒಂದು ಚಿಕ್ಕ ಕೋಣೆ ಇತ್ತು. ಒಂದು ಚಾಪೆ, ಒಂದು ಕಂಬಳಿ, ಒಂದು ತಾಟು. ಕೂರು ಎಂದು ಕಳಿಸಿದ್ದು, ನಾನು ಹೊಟ್ಟೆ ಕೆಳಗೆ ಹಾಕಿ ಮಲಗಿದೆ. ಮಾಡಿನಲ್ಲಿ ಒಂದು ಗಾಜಿನ ಹಂಚು. ಅದರಿಂದ ಬಿಸಿಲಿನ ತುಂಡೊಂದು ಕೆಳಗೆ ಬಿದ್ದು, ಬೆಳಗಿನಿಂದ ಸಂಜೆಗೆ ಗೋಡೆಯಿಂದ ಗೋಡೆಗೆ ನಡೆದುಹೋಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಯಾರೂ ಕರೆಯುವಂತಿಲ್ಲ, ಯಾರೂ ಮುಟ್ಟುವಂತಿಲ್ಲ. ಬಿಸಿಲು ನನ್ನ ಬೆನ್ನಿನ ಮೇಲೆ ಹತ್ತಿ ಆಚೆ ಇಳಿಯುವಾಗ ನಾನೂ ಒಂದು ಗೋಡೆಯೋ ನೆಲವೋ ಆದ ಹಾಗೆ. ಸುಳ್ಳು ಮುಟ್ಟಾದರೂ ಸುಖ ಸುಳ್ಳಾಗಿರಲಿಲ್ಲ. ಮದುವೆಯಾದ ಮೇಲೆ ಹಗಲು ಹೊತ್ತು ಅಷ್ಟು ಮಲಗಿದ್ದು ಅದೇ ಮೊದಲು.

ಆದರೆ ರಕ್ತಕ್ಕೆ ತಿಂಗಳ ಲೆಕ್ಕ ಗೊತ್ತಿಲ್ಲವಲ್ಲ. ಬಂದ ಬಂದ ಹಾಗೆ ಬಂತು. ಅತ್ತಿಗೆ ಅಡುಗೆ ಮಾಡಿ ಮಾಡಿ ಸುಸ್ತಾದಳು.

"ಪಕ್ಷಕ್ಕೊಂದ್ಸಲ ಬಪ್ಪ ಮುಟ್ಟು ಯಾವ ಊರದ್ದೇ? ಇದು ಗರ್ಭಕೋಶದ ಕಾಯಿಲೆಯೇ ಸೈ," ಎಂದು ತಾನೇ ಹೋಗಿ ವಿಜಯಳಿಗೆ ಫೋನು ಮಾಡಿದಳು. ಅಲ್ಲಿ ಏನು ಹೇಳಿದಳೋ, ಮಗಳು ಮರುದಿನದ ಮೊದಲ ಬಸ್ಸಿಗೆ ಅಳುತ್ತಾ ಬಂದಿಳಿದಳು. ನನ್ನನ್ನು ಶಿರಸಿಯ ಹೆಂಗಸರ ಡಾಕ್ಟರಿಗೆ ಕರೆದುಕೊಂಡು ಹೋದಳು. ಆ ಬಸ್ಸಿನಲ್ಲಿ ನಾನು ಕಂಬ ಹಿಡಿದು ನಿಂತೇ ಹೋದೆ. ಸೀಟು ಇತ್ತು.

ಹೆಂಗಸರ ಡಾಕ್ಟರು ನೋಡಿ, ಕೈ ತೊಳೆದು, "ಗರ್ಭಕೋಶ ಚೆನ್ನಾಗಿದೆ ಅಮ್ಮ. ರಕ್ತ ಎಲ್ಲಿಂದ ಬರ್ತದೆ, ಸರಿಯಾಗಿ ಹೇಳಿ" ಎಂದರು.

ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ಒಂದು ಗುಂಡು ಮಗುವಿನ ಪಟ ಇತ್ತು. ಅದು ಬೋರಲು ಬಿದ್ದು ಕುಂಡೆ ತೋರಿಸಿ ನಗುತ್ತಿತ್ತು. ಅದಕ್ಕಿಲ್ಲದ ನಾಚಿಕೆ ನನಗೆ ಯಾಕೆ ಅನ್ನಿಸಿತು.

"ಹಿಂದಿನಿಂದ," ಎಂದೆ.

ವಿಜಯ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹೊರಗೆ ಬಂದ ಮೇಲೆ ಬೈದಳು. "ಆಯಿ, ಇಷ್ಟು ದಿನ ಎಂತಕ್ಕೆ ಹೇಳಿದ್ದಿಲ್ಲೆ? ಆನು ಎಂತೆಂತದೋ ಗ್ರಹಿಸಿ ಸತ್ತೇ ಹೋಗಿದ್ದಿ!"

"ನೀನು ಸತ್ತಿದ್ದಿಲ್ಲೆ. ನಡೆ."

ಬೇರೆ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದರು. ಅದೇ ಬೀದಿ. ಅಲ್ಲಿಯ ಕಾಯುವ ಕೋಣೆ ನನ್ನ ಕಣ್ಣಿನಿಂದ ಈಗಲೂ ಹೋಗಿಲ್ಲ. ಗೋಡೆಯುದ್ದಕ್ಕೂ ಬೆಂಚು. ಬೆಂಚು ಪೂರಾ ಖಾಲಿ. ಜನ ಮಾತ್ರ ತುಂಬಿದ್ದಾರೆ, ಎಲ್ಲರೂ ನಿಂತಿದ್ದಾರೆ. ಒಬ್ಬರು ಕಿಟಕಿಯ ಸರಳು ಹಿಡಿದು, ಒಬ್ಬರು ಗೋಡೆಗೆ ಭುಜ ಕೊಟ್ಟು, ಕರಿಕೋಟಿನ ವಕೀಲರೊಬ್ಬರು ಗೋಡೆಯ ಕ್ಯಾಲೆಂಡರನ್ನೇ ಓದುತ್ತಾ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೇಲೆ ಫ್ಯಾನು ನಿಧಾನ ತಿರುಗುತ್ತಿತ್ತು. ನೀರಿನ ಒಳಗೆ ನಿಂತ ಮರಗಳ ಹಾಗೆ ನಾವೆಲ್ಲ ಸ್ವಲ್ಪ ಸ್ವಲ್ಪ ತೂಗುತ್ತಿದ್ದೆವು.

ಬಾಗಿಲ ಹತ್ತಿರ ಯಲ್ಲಾಪುರದ ಲಾರಿ ಡ್ರೈವರೊಬ್ಬ ಇದ್ದ. ಭಾರೀ ಆಳು, ದೊಡ್ಡ ಮೀಸೆ. ನನ್ನನ್ನು ಕಂಡು, "ಕುಂದರ್ರಿ ಅವ್ವಾ, ಜಾಗಾ ಐತಿ," ಎಂದ.

"ನೀನೇ ಕೂರು ತಮ್ಮ. ನೀನು ಮೊದಲು ಬಂದಿದ್ದು."

"ನಾ ಹುಬ್ಬಳ್ಳಿಯಿಂದ ಅಂಕೋಲಾತನ ಹನ್ನೆರಡು ವರ್ಷ ಕುಂತೀನ್ರಿ. ಈ ಜನ್ಮಕ್ಕ ಸಾಕಾತು."

ವಕೀಲರ ಹೊಟ್ಟೆ ಕುಲುಕಿತು. ಕಿಟಕಿಯ ಹತ್ತಿರದವರು ತಿರುಗಿದರು. ಆಮೇಲೆ ಎಲ್ಲರಿಗೂ ನಗು ತಡೆಯಲಿಲ್ಲ. ನಕ್ಕರೆ ನೋಯುತ್ತದೆ, ನೋವಿಗೆ ಹಲ್ಲು ಕಚ್ಚುತ್ತಾರೆ, ಹಲ್ಲು ಕಚ್ಚಿದ್ದು ಕಂಡು ಮತ್ತೆ ನಗುತ್ತಾರೆ. ಆಗ ನನಗೆ ತಿಳಿಯಿತು, ಇಲ್ಲಿ ನಿಂತವರಿಗೆಲ್ಲ ನನ್ನದೇ ಕಾಯಿಲೆ. ನನ್ನ ಒಬ್ಬಳ ಪಾಪ ಎಂದುಕೊಂಡಿದ್ದೆ. ನೋಡಿದರೆ ಕೋಣೆ ತುಂಬ ಇದೆ.

ಅಲ್ಲಿ ನಿಂತೇ ನನ್ನ ಆಯಿಯ ನೆನಪು ಬಂತು. ಸಿದ್ದಾಪುರದ ಕಡೆಯವಳು. ಕೊನೆಯ ವರ್ಷಗಳಲ್ಲಿ ಒಲೆಯ ಪಕ್ಕ ನಿಂತುಕೊಂಡೇ ಊಟ ಮಾಡುತ್ತಿದ್ದಳು. ಗಡಿಬಿಡಿಯ ಹೆಂಗಸು, ಕೂತು ಉಣ್ಣುವಷ್ಟು ಪುರಸೊತ್ತಿಲ್ಲ ಎಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಒಣಗಿ ಒಣಗಿ ಸತ್ತಳು. ಎಲ್ಲಿ ನೋವು ಎಂದು ಯಾರಿಗೂ ಹೇಳಲಿಲ್ಲ. ಆ ಖಾಲಿ ಬೆಂಚಿನ ಪಕ್ಕ ಅವಳೂ ಬಂದು ಸೆರಗು ಸರಿಮಾಡಿಕೊಂಡು ನಿಂತ ಹಾಗಾಯಿತು.

ಡಾಕ್ಟರು ಹಾವೇರಿ ಕಡೆಯವರು. ಒಳಗೆ ಹೋದ ಕೂಡಲೇ, "ಕೂಡ್ರಿ ಅವ್ವಾರ," ಎಂದರು.

"ಕೂರಲಿಕ್ಕೆ ಆಗಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ?"

"ಅದೂ ಖರೇ," ಎಂದು ನಕ್ಕರು. ನೋಡಿದರು. ನೋಡುವಾಗ ನಾನು ಕಣ್ಣು ಮುಚ್ಚಿ ಕಬ್ಬಿನ ಗದ್ದೆಯ ನಡುವೆ ಹೋಗಿ ನಿಂತುಕೊಂಡೆ. ಗಂಡಸೊಬ್ಬ ನೋಡುತ್ತಾನೆ ಎಂದರೆ ಜೀವ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಮೂಲವ್ಯಾಧಿಯೂ ಇದೆ, ಪಕ್ಕದಲ್ಲಿ ಸೀಳೂ ಬಿಟ್ಟಿದೆ, ಎರಡೂ ಹಳೆಯದಾಗಿದೆ, ಕೊಯ್ಯಬೇಕು ಎಂದರು. ಕ್ಯಾನ್ಸರಿನ ಹಾಗೆ ಕೊಳೆಯುವ ಜಾತಿಯದ್ದೋ ಎಂದು ಕೇಳಿದೆ. ಅಲ್ಲ ಎಂದರು.

"ಆಲೆಮನೆ ಶುರುವಾಗುವುದರೊಳಗೆ ಮಣೆಯ ಮೇಲೆ ಕೂರಬೇಕು ನಾನು."

"ಹೇಳಿದ್ದು ಕೇಳಿದ್ರ ಕೂಡ್ತೀರಿ. ಹೊಟ್ಟಿ ಕಟ್ಟಬ್ಯಾಡ್ರಿ, ನೀರು ಕುಡೀರಿ, ತಿನ್ರಿ. ಇಷ್ಟ."

ಆಪರೇಷನ್ ದಿನ ಬೆನ್ನಿಗೆ ಸೂಜಿ ಕೊಟ್ಟರು. ಮೊದಲು ಬೆರಳು ಹೋಯಿತು, ಆಮೇಲೆ ಮೊಣಕಾಲು, ಆಮೇಲೆ ಸೊಂಟದ ಕೆಳಗಿನ ನಾನೇ ಹೋದೆ. ಯಾರದೋ ಕಾಲನ್ನು ಯಾರೋ ಎತ್ತಿ ಇಟ್ಟರು. ಮೇಲೆ ದೀಪ ಬೆಳ್ಳಗೆ ದುಂಡಗೆ ಇತ್ತು. ನೋಡುತ್ತಾ ನೋಡುತ್ತಾ ಅದು ಬೋರಲು ಹಾಕಿದ ಗಡಿಗೆಯಾಯಿತು. ಯಾರೋ ನನ್ನೊಳಗೆ ಬಟ್ಟೆ ಅದ್ದಿ ಗಡಿಗೆಯ ಮೇಲೆ ಒಂದೇ ಸಲಕ್ಕೆ ಎಳೆದರು. ನಾನು ತೆಳ್ಳಗೆ ಹರಡಿದೆ. ಅಂಚು ಒಣಗಿ ಮೆಲ್ಲಗೆ ಏಳತೊಡಗಿತು. ನೋವಿಲ್ಲ, ಭಾರವಿಲ್ಲ, ಕಬ್ಬಿನ ಹಾಲಿನ ವಾಸನೆ. ಎಬ್ಬಿಸಿ ಮಡಚುವವರ ಕೈಯಷ್ಟೇ ಕಾಣುತ್ತಿತ್ತು. ಬಳೆಯಿಂದ ಅದು ಆಯಿಯ ಕೈ ಎಂದು ಗೊತ್ತಾಯಿತು. ಆಗ ಒಂದು ವಿಷಯ ಹೊಳೆದು ಆ ಟೇಬಲ್ಲಿನ ಮೇಲೇ ನಕ್ಕಿದ್ದೇನಂತೆ. ಡಾಕ್ಟರು ಏನು ಎಂದು ಕೇಳಿದರಂತೆ. ನಾವು ತೊಡೆದೇವು ಮಾಡುವುದು ಗಡಿಗೆಯ ಕುಂಡೆಯ ಮೇಲೆ, ಅದನ್ನೇ ದೇವರಿಗೂ ಇಡುತ್ತೇವೆ ಎಂದೆನಂತೆ.

ಮಂಪರು ಇಳಿದ ಮೇಲೆ ನೋವು ಬಂತು. ಬರಲಿ, ನೋವು ನನಗೆ ಹೊಸದಲ್ಲ. ನನಗೆ ಹೆದರಿಕೆಯಿದ್ದದ್ದು ಸಂಡಾಸಿಗೆ. ಹಸಿ ಗಾಯದ ಮೇಲೆ ಹೇಗೆ ಹೋಗುವುದು? ತಿಂದರೆ ತಾನೇ ಹೋಗಬೇಕು! ತಿನ್ನದಿದ್ದರೆ ಆಯಿತು. ವಿಜಯ ತಂದ ಗಂಜಿಯನ್ನು ಅವಳು ಆಚೆ ಹೋದಾಗ ಕಿಟಕಿಯಿಂದ ಚೆಲ್ಲಿದೆ. ಕೆಳಗಿದ್ದ ನಾಯಿ ದಿನಕ್ಕೆ ದಿನ ದಪ್ಪವಾಯಿತು.

ಕಂಡುಹಿಡಿದದ್ದು ನಮ್ಮನೆಯವರು. ಅವರು ಮಾತು ಕಡಿಮೆ. ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು, ಎಲೆಯಡಿಕೆಯ ಕವಳ ಹಾಕುತ್ತಿದ್ದರು, ಆಯಾ ಬೈದ ಮೇಲೆ ಹೊರಗೆ ಹೋಗಿ ಉಗಿದು ಬರುತ್ತಿದ್ದರು. ಒಂದು ದಿನ ಕಿಟಕಿಯಿಂದ ಕೆಳಗೆ ನೋಡಿ, "ಆ ನಾಯಿ ನಿನ್ನ ಕಂಡ್ರೆ ಬಾಲ ಅಲ್ಲಾಡಿಸ್ತಲೇ, ಎಂತಕ್ಕೆ?" ಎಂದರು.

"ಎಂಗೆ ಗೊತ್ತಿಲ್ಲೆ."

"ತಿಂದ್ರೆ ಹೋಗವು ಹೇಳಿ ಹೆದ್ರಿಕೆಯ?"

ನಾನು ಗೋಡೆ ಕಡೆ ತಿರುಗಿದೆ. ಅವರು ಚೀಲದಿಂದ ಬಾಳೆಹಣ್ಣು ತೆಗೆದರು. ಸಿಪ್ಪೆ ಸುಲಿದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ನನಗೆ ಒಂದು ಹಣ್ಣು ಸುಲಿದುಕೊಟ್ಟಿರಲಿಲ್ಲ. ಸುಲಿಯಲಿಕ್ಕೆ ಸರಿಯಾಗಿ ಬರುತ್ತಲೂ ಇರಲಿಲ್ಲ, ತೊಟ್ಟಿನ ಕಡೆಯಿಂದ ಜಜ್ಜಿ ಹಾಕಿದರು. "ಆನು ಬಾಗಿಲ ಹತ್ರ ನಿಂತಿರ್ತೆ. ಕೂಗದಾದ್ರೆ ಕೂಗು," ಎಂದರು.

ತಿಂದೆ. ಮರುದಿನ ಹೋದೆ. ಕೂಗಿದೆ ಕೂಡ. ಆ ಕೂಗಿಗೆ ಶಿರಸಿಯ ಪೇಟೆಯ ಕಾಗೆಗಳೆಲ್ಲ ಎದ್ದಿರಬೇಕು. ಕಣ್ಣಿಗೆ ಕತ್ತಲೆ ಬಂತು, ಆ ಕತ್ತಲೆಯಲ್ಲಿ ಸಣ್ಣ ಸಣ್ಣ ಬೆಳಕು ಈಜಿದವು. ಹೊರಗಿನಿಂದ ನಮ್ಮನೆಯವರು ಕೆಮ್ಮುತ್ತಿದ್ದರು. ಇದ್ದೇನೆ ಎಂದು ತಿಳಿಸಲಿಕ್ಕೆ ಅವರಿಗೆ ಗೊತ್ತಿದ್ದದ್ದು ಅದೊಂದೇ. ನಾನು ಕೂಗುವುದು, ಅವರು ಕೆಮ್ಮುವುದು. ಮುಗಿಯಿತು. ಸತ್ತಿರಲಿಲ್ಲ. ಹೊರಗೆ ಬಂದಾಗ ಕಾರಿಡಾರು ತೊಳೆದು ಬಿಟ್ಟಿದ್ದರು, ಒದ್ದೆ ನೆಲದ ಮೇಲೆ ಬೆಳಕು ಬಿದ್ದು ನಾನು ಕೆರೆಯ ಮೇಲೆ ನಡೆದ ಹಾಗಿತ್ತು. ಆಮೇಲಿನ ಸಲ ಕೂಗು ಕಡಿಮೆಯಾಯಿತು. ಇದನ್ನು ನೆನಪಿಟ್ಟುಕೊಳ್ಳಿ: ಮೊದಲ ಸಲ ಕೆಟ್ಟದ್ದು. ಆಮೇಲೆ ಅಷ್ಟಿಲ್ಲ. ಹೊಟ್ಟೆ ಕಟ್ಟಿದರೆ ಎಲ್ಲವೂ ಕೆಟ್ಟದ್ದು.

ಮನೆಗೆ ಕಳಿಸುವಾಗ ಡಾಕ್ಟರು, ಅಗಲದ ಪಾತ್ರೆಯಲ್ಲಿ ಬೆಚ್ಚಗಿನ ನೀರು ಹಾಕಿ, ಈ ಪುಡಿ ಒಂದು ಚಿಟಿಕೆ ಉದುರಿಸಿ, ದಿನಾ ಅದರಲ್ಲಿ ಕೂರಬೇಕು ಎಂದರು. ಅವರಿಗೇನು, ಹೇಳಿದರು. ನಮ್ಮ ಮನೆಯಲ್ಲಿ ಅದಕ್ಕೆ ಪಾತ್ರೆ ಎಲ್ಲಿಂದ ತರುವುದು? ಅಗಲದ್ದು ಎಂದರೆ ಪಾಯಸದ ಕೊಪ್ಪರಿಗೆ, ಇಲ್ಲವೇ ಹಿಟ್ಟು ಕಲೆಸುವ ಪರಾತ.

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಅನ್ನದ ಪಾತ್ರೆಲಿ ಕುಂಡೆ ಇಟ್ಗಂಡು ಕೂರ್ತ್ಯನೆ? ಆನು ಬದುಕಿಪ್ಪಷ್ಟು ದಿನ ಆಗ್ತಿಲ್ಲೆ. ದನಕ್ಕೆ ಅಕ್ಕಚ್ಚು ಹಾಕೋ ಬಾನಿ ಇದ್ದಲೆ, ಅದ್ರಲ್ಲಿ ಕೂತ್ಗ."

"ಅದಕ್ಕೆ ದನ ಒಪ್ಪವು," ಎಂದರು ನಮ್ಮನೆಯವರು. ಕೊಡೆ ತೆಗೆದುಕೊಂಡು ಹೊರಟರು. ಯಲ್ಲಾಪುರಕ್ಕೆ ಹೋಗಿ, ಸಂಜೆಯ ಬಸ್ಸಿಗೆ ಒಂದು ಪ್ಲಾಸ್ಟಿಕ್ ಟಬ್ಬು ತಂದರು. ದೊಡ್ಡದು, ನೀಲಿ. ಬಸ್ಸಿನಿಂದ ಇಳಿದು ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಂದರಂತೆ. ದಾರಿಯುದ್ದಕ್ಕೂ ಕೇಳಿದವರೇ.

"ಎಂತಕ್ಕೋ ಹೆಗಡೆ, ಅಷ್ಟು ದೊಡ್ಡ ಟಬ್ಬು?"

"ಮಾವಿನಕಾಯಿ ತೊಳೆಯಕ್ಕೆ," ಎಂದರಂತೆ ಟಬ್ಬಿನ ಒಳಗಿನಿಂದ.

ಅದು ಮಾರ್ಗಶಿರ ಮಾಸ. ಮಾವಿನ ಮರದಲ್ಲಿ ಹೂವೂ ಇರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಹಣೆಬರಹ ಇದು. ಊರಿಗೆಲ್ಲ ಅದು ಮಾವಿನಕಾಯಿ ಟಬ್ಬು ಎಂದೇ ಆಯಿತು.

ಬಚ್ಚಲಿನಲ್ಲಿ ಹಂಡೆಯ ನೀರು ಬೆರೆಸಿ, ಆ ನೇರಳೆ ಪುಡಿ ಉದುರಿಸಿದರೆ ನೀರಿನ ಒಳಗೆ ಬಣ್ಣದ ಎಳೆಗಳು ಬಿಚ್ಚಿಕೊಂಡು, ಹೊಗೆಯ ಹಾಗೆ ಸುತ್ತಿ, ಆಮೇಲೆ ಇಡೀ ನೀರು ಗುಲಾಬಿಯಾಗುತ್ತಿತ್ತು. ನೀಲಿ ಟಬ್ಬಿನಲ್ಲಿ ಗುಲಾಬಿ ನೀರು. ಅದರಲ್ಲಿ ನಾನು ಕೂರುತ್ತಿದ್ದೆ. ಬಿಗಿದದ್ದೆಲ್ಲ ಸಡಿಲಾಗುತ್ತಾ ಬರುತ್ತಿತ್ತು. ಒಲೆಯ ಹೊಗೆ, ನೀರಿನ ಹಬೆ, ಜಾಲಂಧ್ರದಿಂದ ಬಂದ ಬೆಳಕು ಎಲ್ಲ ಸೇರಿ ಬಚ್ಚಲಿಗೆ ಗೋಡೆಯೇ ಇಲ್ಲದ ಹಾಗಾಗುತ್ತಿತ್ತು. ಆ ಹಬೆಯಲ್ಲಿ ಲಾರಿ ಡ್ರೈವರು ಒಮ್ಮೊಮ್ಮೆ ಕಾಣುತ್ತಿದ್ದ, ಸ್ಟೇರಿಂಗು ಹಿಡಿದು ತನ್ನ ಟಬ್ಬಿನಲ್ಲಿ ಕೂತು ಘಟ್ಟ ಇಳಿಯುತ್ತಿದ್ದ. ವಕೀಲರು ಕರಿಕೋಟು ತೊಟ್ಟೇ ತಮ್ಮ ಟಬ್ಬಿನಲ್ಲಿದ್ದರು. ಆಯಿಗೆ ಮಾತ್ರ ಟಬ್ಬಿರಲಿಲ್ಲ. ಅವಳು ಒಲೆಯ ಪಕ್ಕ ನಿಂತಿರುತ್ತಿದ್ದಳು. ಕೂತ್ಗಳೇ ಆಯಿ ಎಂದು ಹೇಳಿದ್ದೂ ಇದೆ, ಬಾಯಿಬಿಟ್ಟು. ಹೊರಗಿನಿಂದ ಅತ್ತಿಗೆ, "ಯಾರ ಹತ್ರ ಮಾತಾಡ್ತ್ಯೇ?" ಎನ್ನುತ್ತಿದ್ದಳು.

"ನೀರಿನ ಹತ್ರ."

ಆಲೆಮನೆಯ ಗಾಣ ತಿರುಗಿದ ವಾರ ಮಣೆ ಹಾಕಿದೆ. ಹಳೆ ಸೀರೆ ಮಡಚಿ ಅದರ ಮೇಲೆ ಇಟ್ಟೆ. ಗಡಿಗೆ ಬೋರಲು ಹಾಕಿ, ಬೆಂಕಿ ಮಾಡಿ, ಉಸಿರು ಹಿಡಿದು ಕೂತೆ. ಏನೂ ಆಗಲಿಲ್ಲ. ಮೊದಲನೆಯದು ಹರಿಯಿತು. ಎರಡನೆಯದು ಬಂತು. ಹಿಡಿದು ನೋಡಿದರೆ ಆಚೆ ಅಂಗಳ ಕಂಡಿತು. ಮೊದಲಿನ ಹಾಗೆ ಹಗಲಿಡೀ ಕೂರುವುದಿಲ್ಲ, ನಡುನಡುವೆ ಎದ್ದು ಓಡಾಡುತ್ತೇನೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎನ್ನುತ್ತೇನೆ. ಸುವರ್ಣಗಡ್ಡೆ ತಿನ್ನುತ್ತೇನೆ, ನೀರು ಕುಡಿಯುತ್ತೇನೆ.

ಟಬ್ಬು ತೊಳೆದು ಬಚ್ಚಲ ಮೇಲಿನ ಅಟ್ಟಕ್ಕೆ ಹಾಕಿದ್ದೆ. ಅಲ್ಲಿ ಬಹಳ ಕಾಲ ಇರಲಿಲ್ಲ. ಶ್ರಾವಣದಲ್ಲಿ ಆಚೆಮನೆಯ ಸೊಸೆ ಬಂದಳು. ಬಾಣಂತನ ಮುಗಿಸಿದವಳು. ಕಂಬ ಹಿಡಿದು ನಿಂತಳು.

"ದೊಡ್ಡಮ್ಮ, ನಿಂಗಳ ಮಾವಿನಕಾಯಿ ಟಬ್ಬು ಇದ್ದ?"

ಶ್ರಾವಣದಲ್ಲಿ ಮಾವಿನಕಾಯಿ. ಟಬ್ಬು ಇಳಿಸಿಕೊಟ್ಟೆ. "ನೀರು ಬೆಚ್ಚಗೆ ಸಾಕು, ಬಿಸಿ ಬೇಡ. ಕಡಿಮೆ ಆಗದಿದ್ರೆ ಡಾಕ್ಟರ ಹತ್ರ ಹೋಗು, ಆನೂ ಬತ್ತೆ," ಎಂದೆ. ಅವಳ ಕಣ್ಣು ತುಂಬಿತು, ಒರೆಸಿಕೊಂಡು ಹೋದಳು. ಆಮೇಲೆ ಟಬ್ಬು ಎಕ್ಕಂಬಿಯ ನೆಂಟರ ಮನೆಗೆ ಹೋಯಿತು. ಶಾಲೆಯ ಮಾಸ್ತರರ ಮನೆಗೆ ಹೋಯಿತು, ಕೇಳಲಿಕ್ಕೆ ಅವರೇ ಬಂದಿದ್ದರು, ನಿಂತೇ ಚಾ ಕುಡಿದರು. ಊರಿನಲ್ಲಿ ಮಾವು ಬಿಡದ ಕಾಲದಲ್ಲೆಲ್ಲ ಮಾವಿನಕಾಯಿ ತೊಳೆಯುವವರಿದ್ದರು.

ಅತ್ತಿಗೆಗೆ ಈ ಟಬ್ಬು ಕಂಡರೆ ಆಗುತ್ತಿರಲಿಲ್ಲ. ಅದು ವಾಪಸು ಬಂದಾಗಲೆಲ್ಲ ಸೆಗಣಿ ನೀರು ಎರಚುತ್ತಿದ್ದಳು. "ಊರ ಕುಂಡೆ ಎಲ್ಲ ನಮ್ಮನೆಗೇ ಬತ್ತು," ಎನ್ನುತ್ತಿದ್ದಳು.

ಮೊನ್ನೆ ಮೊನ್ನೆ, ಈ ಸಲದ ಆಲೆಮನೆಯ ಹೊತ್ತಿಗೆ, ನಾನು ಗಡಿಗೆಯ ಮುಂದೆ ಕೂತಿದ್ದೆ. ಅತ್ತಿಗೆ ಬಂದಳು. ಈಗ ಅವಳಿಗೆ ಎಂಬತ್ತರ ಹತ್ತಿರ. ದಿನಾ ನನ್ನ ಎದುರು ಮಣೆ ಹಾಕಿ ಕೂತು ಮಡಚಿಕೊಡುವವಳು. ಬೈಯುತ್ತಾ ಮಡಚುತ್ತಾಳೆ, ಆದರೆ ಅವಳ ಹಾಗೆ ಮಡಚಲಿಕ್ಕೆ ಯಾರಿಗೂ ಬರುವುದಿಲ್ಲ. ಆ ದಿನ ಬಂದವಳು ಗೋಡೆಗೆ ಭುಜ ಕೊಟ್ಟಳು.

"ಮಣೆ ಅಲ್ಲಿದ್ದು ಅತ್ತಿಗೆ. ಕೂತ್ಗಳಿ."

"ಅಡ್ಡಿಲ್ಲೆ. ನಿಂತ್ಗಂಡೇ ಮಡಚ್ತೆ."

ಕೋಲು ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಗಡಿಗೆಯ ಮೇಲಿದ್ದದ್ದು ಅಂಚು ಎದ್ದು, ಕೆಂಪಾಗಿ, ಸೀದುಹೋಯಿತು. ಹೊಗೆಯ ಆಚೆ ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದಳು, ಮುಖ ಅಂಗಳದ ಕಡೆಗೆ. ಎಷ್ಟು ದಿನದಿಂದ ನಿಂತಿದ್ದಳೋ, ನಾನು ನೋಡಿರಲಿಲ್ಲ.

ಗಡಿಗೆಯ ಕೆಳಗಿನ ಬೆಂಕಿ ಎಳೆದು, ಒಂದು ಕೊಳ್ಳಿ ಹಿಡಿದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದೆ. ಅಟ್ಟದಿಂದ ಟಬ್ಬು ಇಳಿಸಿದೆ. ನೀರು ಬೆರೆಸಿ, ಮೊಣಕೈ ಅದ್ದಿ ನೋಡಿದೆ. ಬೆಚ್ಚಗಿತ್ತು.

ತಿರುಗಿದರೆ ಅತ್ತಿಗೆ ಬಚ್ಚಲ ಬಾಗಿಲಲ್ಲಿ.

"ಸೆಗಣಿ ನೀರು ಹಾಕಿದ್ಯನೆ ಇದಕ್ಕೆ?"

"ನಿಂಗನೇ ಹಾಕಿದ್ದಿ ಅಲ್ದ, ಪ್ರತೀ ಸಲ."

"ಹಾಂಗಾರೆ ಅಡ್ಡಿಲ್ಲೆ," ಎಂದು ಸೀರೆ ಎತ್ತಿ ಹಿಡಿದಳು. ನಾನು ಅವಳ ತೋಳು ಹಿಡಿದೆ. ಮಡಿಯಲ್ಲಿದ್ದಳು, ಮುಟ್ಟಬೇಡ ಎನ್ನಲಿಲ್ಲ. ಮೆಲ್ಲಗೆ ಕೂತಳು. ನೀರು ಅಂಚಿನ ತನಕ ಏರಿ ನಿಂತಿತು. ನಾನು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಅಲ್ಲೇ ನಿಂತು ಕೆಮ್ಮಿದೆ.